ಸಾರಿನ ಪುಡಿ ಕಮ್ಮಿ ಆಗಿದೆ

ಕೊರತೆ ಎಂಬುದು ಪತ್ರಿಕೆಯವರ ಮಾತು. ಗುಬ್ಬಿ ಹತ್ತಿರದ ನಮ್ಮ ಮನೆಯಲ್ಲಿ ಇದ್ದದ್ದು ಕಮ್ಮಿ. ಸಾರಿಗೆ ಉಪ್ಪು ಕಮ್ಮಿ, ಬಾವಿಯಲ್ಲಿ ನೀರು ಕಮ್ಮಿ, ನನಗೆ ಬುದ್ಧಿ ಕಮ್ಮಿ. ನಾನು ಅತ್ತರೆ ಸಾಕು, 'ನಿಂಗೇನೇ ಕಮ್ಮಿ ಆಗಿರೋದು?' ಎಂದು ಅವ್ವ ರೇಗುತ್ತಿದ್ದಳು. ಅದು ಪ್ರಶ್ನೆಯಲ್ಲ, ಬೈಗುಳ. ಉತ್ತರ ಕೊಟ್ಟರೆ ಬೆನ್ನಿಗೆ ಇನ್ನೆರಡು ಬೀಳುತ್ತಿದ್ದವು.

ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಉಪ್ಪಾರಹಳ್ಳಿಯಲ್ಲಿ ಮಹಡಿ ಮೇಲೊಂದು ರೂಮು ಹಿಡಿದೆ. ಶಾಲೆ ಬಿಟ್ಟರೆ ಮಾರನೆಯ ಬೆಳಿಗ್ಗೆಯವರೆಗೆ ನನ್ನ ಬಾಯಿಗೆ ಕೆಲಸವಿರಲಿಲ್ಲ. ಭಾನುವಾರವಂತೂ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ. ಒಬ್ಬಳೇ ಇರುವುದು ಇಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ.

ಶನಿವಾರ ಸಂಜೆ ಕೆಳಗಿನ ಓನರ್ ಮನೆಗೆ ಅಪ್ಪನ ಫೋನು ಬರುತ್ತಿತ್ತು. 'ಏನಾರ ಕಮ್ಮಿ ಆಗೈತೇನವ್ವ?' ಅಷ್ಟೇ ಕೇಳುತ್ತಿದ್ದ. ಓನರ್ ಆಂಟಿ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುವಾಗ ಬೇಜಾರು ಅನ್ನುವುದು ಹೇಗೆ? ಒಮ್ಮೆ ಬಾಯಿಗೆ ಬಂದದ್ದು ಅಂದುಬಿಟ್ಟೆ: 'ಸಾರಿನ ಪುಡಿ ಕಮ್ಮಿ ಆಗಿದೆ.' ಮಾರನೆಯ ದಿನ ಹತ್ತು ಗಂಟೆಗೆಲ್ಲ ಅಪ್ಪ ಡಬ್ಬಿ ಹಿಡಿದು ಬಾಗಿಲಲ್ಲಿದ್ದ! ಉಂಡು, ಚಾಪೆ ಮೇಲೆ ಒರಗಿ, ತೋಟದ ಸುದ್ದಿಯೆಲ್ಲ ಹೇಳಿ ಸಂಜೆ ಬಸ್ಸಿಗೆ ಹೋದ.

ಆಮೇಲೆ ನನ್ನ ರೂಮಿನಲ್ಲಿ ವಾರಕ್ಕೊಂದು ಕಮ್ಮಿಯಾಗತೊಡಗಿತು. ಹುಣಸೆಹಣ್ಣು, ರಾಗಿ ಹಿಟ್ಟು, ಉಪ್ಪಿನಕಾಯಿ. ಅಪ್ಪ ಬರುವ ಮುಂಚೆ ತುಂಬಿದ ಡಬ್ಬಿಗಳನ್ನು ಮಂಚದ ಕೆಳಗೆ ತಳ್ಳುತ್ತಿದ್ದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ದುರಾಸೆಗೆ ಬಿದ್ದು ಒಂದು ಶನಿವಾರ 'ಕಾಯಿ ಕಮ್ಮಿ ಆಗಿದೆ' ಅಂದೆ. 'ತೆಂಗಿನ ತೋಟದೋನ್ ಮಗಳು ಕಾಯಿ ಕಮ್ಮಿ ಅನ್ನೋ ಹಂಗಾಯ್ತಾ?' ಅಂದ ಅಪ್ಪ.

ಮಾರನೆಯ ದಿನ ಬಂದದ್ದು ಆಟೋ. ರಾಗಿ ಮೂಟೆ, ಚೀಲದ ತುಂಬ ತೆಂಗಿನಕಾಯಿ, ವರ್ಷಕ್ಕಾಗುವಷ್ಟು ಪುಡಿ. ಅಪ್ಪ ಬೆವರೊರೆಸಿಕೊಂಡು ಖುಷಿಯಾಗಿ ಅಂದ: 'ಪಾಪ, ವಾರವಾರ ಕೇಳಕ್ಕೆ ನಿಂಗೂ ಸಂಕೋಚ ಅಲ್ವಾ? ಇನ್ನೊಂದು ವರ್ಷ ಏನೂ ಕಮ್ಮಿ ಆಗಲ್ಲ ಬುಡು.'

ಕಮ್ಮಿ ಎಂಬುದು ಉಪ್ಪಿಗೆ, ನೀರಿಗೆ, ಬುದ್ಧಿಗೆಲ್ಲ ಒಗ್ಗುವ ಮಾತು. ಆದರೆ 'ನಂಗೆ ನೀನೇ ಕಮ್ಮಿ ಆಗಿದೀಯ ಅಪ್ಪ' ಎಂದು ನಮ್ಮ ಕಡೆ ಯಾರೂ ಅನ್ನುವುದಿಲ್ಲ. ನಾನೂ ಅನ್ನಲಿಲ್ಲ.

ಮುಂದಿನ ಶನಿವಾರ ಫೋನು ಬರಲಿಲ್ಲ. ಅಪ್ಪನಿಗೆ ಕೇಳಲು ಇನ್ನೇನಿತ್ತು? ಭಾನುವಾರ ಬಾಗಿಲು ತೆರೆದಿಟ್ಟು, ರಾಗಿ ಮೂಟೆಗೆ ಒರಗಿ ಕೂತು ಒಬ್ಬಳೇ ಉಂಡೆ.