ಮುನವ್ವರಾಳ ಶೆಡ್ಡಿನ ಇಪ್ಪತ್ತೆರಡು ಲೀಟರು

ಅಕ್ಕೂರಿನ ದಯಾನಂದ್ ಡಿಪ್ಲೊಮಾ ಮುಗಿಸಿ ಬಿಡದಿಯ ಕಂಪನಿಯೊಂದರಲ್ಲಿ ಮೂರು ವರ್ಷದಿಂದ ಟ್ರೈನಿಯಾಗಿದ್ದ. ಜೊತೆಗೆ ಸೇರಿದವರು ಪರ್ಮನೆಂಟ್ ಆಗಿ, ಮದುವೆಯಾಗಿ, ಹೊಟ್ಟೆಯನ್ನೂ ಬೆಳೆಸಿದ್ದರು. ಇವನ ಪಾಲಿಗೆ ಬಂದದ್ದು ಗಾಳಿಯಿಂದ ಕುಡಿಯುವ ನೀರು ತೆಗೆಯುವ ಯಂತ್ರ. ಮಂಗಳೂರಿನ ತೇವದ ಕಡಲಗಾಳಿಯಲ್ಲಿ ಅದು ದಿನಕ್ಕೆ ಇಪ್ಪತ್ತೈದು ಲೀಟರು ಕೊಟ್ಟಿತ್ತು. ರಾಮನಗರದಲ್ಲಿ ಇಪ್ಪತ್ತು ಕೊಟ್ಟರೆ ಬುಧವಾರ ಕನ್ಫರ್ಮೇಶನ್ ಲೆಟರು, ಇಲ್ಲದಿದ್ದರೆ ನೀನೂ ಬೇಡ, ಯಂತ್ರವೂ ಬೇಡ ಎಂದಿದ್ದರು ಪುಣೆ ಕಡೆಯ ಮ್ಯಾನೇಜರು.

ವಾರಕ್ಕೊಮ್ಮೆ ನಲ್ಲಿ ನೀರು ಬರುವ ಬೀದಿಯಲ್ಲಿ, ರೇಷ್ಮೆನೂಲು ತೆಗೆಯುವ ಮುನವ್ವರಾಳ ಶೆಡ್ಡಿನ ಮುಂದೆ ಯಂತ್ರ ನಿಂತಿತು. ೨೦೦೬ರ ಮಾರ್ಚ್ ಬಿಸಿಲು. ಇಡೀ ದಿನ ಗುರ್ರೆಂದು ಹನಿಸಿದ್ದು ಎರಡು ಲೋಟ.

"ಇದಕ್ಕಿಂತ ನಮ್ ಮೇಕೆನೇ ವಾಸಿ ಕಣಪ್ಪಾ," ಎಂದಳು ಮುನವ್ವರಾ. "ಒಸಿ ಸೊಪ್ಪಾಕಿದ್ರೆ ಮೂರು ಲೋಟ ಹಾಲು ಕೊಡ್ತದೆ. ಕರೆಂಟೂ ಬ್ಯಾಡ."

ಮೂರು ದಿನ ಹೀಗೇ. ಮಂಗಳವಾರ ಬೆಳಿಗ್ಗೆ ದಯಾನಂದ್ ಶೆಡ್ಡಿನೊಳಗೆ ಇಣುಕಿದ. ಬಾಣಲೆಗಳಲ್ಲಿ ರೇಷ್ಮೆಗೂಡು ಬೇಯುತ್ತಿತ್ತು, ಆವಿಗೆ ಗೋಡೆಯೇ ಬೆವರುತ್ತಿತ್ತು. ಮಂಗಳೂರು ಇಲ್ಲೇ ಇದೆಯಲ್ಲ! ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡು ಯಂತ್ರವನ್ನು ಒಳಕ್ಕೆ ನೂಕಿಸಿದ. ಬುಧವಾರಕ್ಕೆ ಕ್ಯಾನಿನಲ್ಲಿ ಇಪ್ಪತ್ತೆರಡು ಲೀಟರು.

ಶೆಡ್ಡಿಗೆ ಬಂದ ಮ್ಯಾನೇಜರು ಯಂತ್ರದ ಮೀಟರು ನೋಡಿ ಅರಳಿದರು. ಮೊದಲ ಲೋಟವನ್ನು ಯಂತ್ರ ಕೂರಿಸಿದವನೇ ಕುಡಿಯಬೇಕೆಂಬುದು ಕಂಪನಿಯ ಪದ್ಧತಿ. ದಯಾನಂದ್ ಕುಡಿದ. ಬೆಂದ ಹುಳದ ನಾತ ನೆತ್ತಿಗೇರಿತು. ಹಲ್ಲು ಕಿರಿದ.

"ಏನ್ ನಗ್ತೀಯಪ್ಪಾ?" ಎಂದಳು ಮುನವ್ವರಾ. "ಬೋರ್‌ವೆಲ್ಲಿಂದ ಎಂಟು ಕೊಡ ಹೊತ್ತಾಕಿದ್ದೀನಿ. ಅದೇ ನೀರು ಆವಿಯಾಗಿ ನಿನ್ ಡಬ್ಬಕ್ಕೆ ಹೋಗೈತೆ. ಗಾಳಿ ನೀರಂತೆ! ನಿಮ್ ಸಾಹೇಬ್ರಿಗೆ ಹೇಳು."

ಕನ್ನಡ ಬಾರದ ಮ್ಯಾನೇಜರು ಏನಂತೆ ಎಂದು ಇವನ ಮುಖ ನೋಡಿದರು.

"ನೀರು ಸ್ವಲ್ಪ ವಾಸನೆಯಂತೆ ಸರ್," ಎಂದ ದಯಾನಂದ್, ಹಿಂದಿಯಲ್ಲಿ.

ಮುನವ್ವರಾಳ ಮನೆಮಾತು ಉರ್ದು ಎಂಬುದು ಈ ಬುದ್ಧಿವಂತನಿಗೆ ಆಗ ನೆನಪಾಯಿತು. ಅವಳೂ ಹಿಂದಿಯಲ್ಲಿ ಒಂದು ಮಾತಾಡಿದ್ದರೆ ಲೆಟರು ಸಿಗುತ್ತಲೇ ಇರಲಿಲ್ಲ. ಅವಳು ಇವನನ್ನೊಮ್ಮೆ ನೋಡಿ, ಬಾಣಲೆಯತ್ತ ತಿರುಗಿ ನೂಲಿನ ಎಳೆ ಹಿಡಿದಳು. ಫಿಲ್ಟರ್ ಬದಲಿಸು ಎಂದ ಮ್ಯಾನೇಜರು ಲೆಟರು ಕೈಗಿಟ್ಟು ಕಾರು ಹತ್ತಿದರು.

ಪರ್ಮನೆಂಟ್ ಆದ ಸಂತೋಷ ಬರಲಿ ಎಂದು ದಯಾನಂದ್ ಒಂದಿಷ್ಟು ಹೊತ್ತು ಕಾದ. ಬಂದದ್ದು ಸುಸ್ತು. ಮುನವ್ವರಾ ಖಾಲಿಯಾಗುತ್ತ ಬಂದ ನೀರಿನ ಡ್ರಮ್ಮಿನ ತಳವನ್ನು ಚೊಂಬಿನಿಂದ ಕೆರೆಯುತ್ತಿದ್ದಳು. ಬೇಯಿಸಬೇಕಾದ ಗೂಡು ಇನ್ನೂ ಅರ್ಧ ಮಂಕರಿ ಉಳಿದಿತ್ತು. ಅವನು ಕ್ಯಾನ್ ಎತ್ತಿ ತಂದು ಬಾಣಲೆಗೆ ಸುರಿದ.

"ಸುರಿ, ಸುರಿ," ಎಂದಳು ಮುನವ್ವರಾ. "ನಾಳಿಕ್ಕೂ ಇಪ್ಪತ್ತೆರಡು ಬರ್ಬೇಕಲ್ಲ."