ದಡವಿಲ್ಲದ ನೀರು ಮತ್ತು ಮುನಿಶಾಮಿಯವರು

2003ನೇ ಇಸವಿ ನವೆಂಬರ್ 18, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಕಾರವಾರದಿಂದ ಪಶ್ಚಿಮಕ್ಕೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಮೀನುಗಾರಿಕಾ ಸಮೀಕ್ಷೆಯ ಹಡಗೊಂದರ ಹಿಂತುದಿಯಲ್ಲಿ ನಿಂತು ಬಲೆ ಎಳೆಸುತ್ತಿದ್ದ ಎರಡನೆಯ ಅಧಿಕಾರಿ ಟಿ. ಮುನಿಶಾಮಿಯವರು ಕಡಲಿಗೆ ಬಿದ್ದರು. ಕಡಲಲ್ಲಿ ದುಡಿಯುವವರ ಸುರಕ್ಷತೆಯನ್ನು ಒಂದು ಶಾಸ್ತ್ರದಂತೆ ಕಲಿಸಿದವರಲ್ಲಿ ಇಂದು ಅವರ ಹೆಸರನ್ನು ಗೌರವದಿಂದ ಹೇಳಲಾಗುತ್ತದೆ. ಕರಾವಳಿಯ ತರಬೇತಿ ಶಾಲೆಯಿಂದ ಅವರು ನಿವೃತ್ತರಾಗಿರುವ ಈ ಸಂದರ್ಭದಲ್ಲಿ, ಅವರ ಹತ್ತೊಂಬತ್ತು ವರ್ಷಗಳ ಬೋಧನೆ ಎಲ್ಲಿಂದ ಆರಂಭವಾಯಿತೆಂದು ಕೇಳಿದರೆ ಅವರ ಶಿಷ್ಯರೆಲ್ಲ ತೋರಿಸುವುದು ಆ ಮಧ್ಯಾಹ್ನವನ್ನೇ.

ಮುನಿಶಾಮಿಯವರು ಟೇಕಲ್ ಬೆಟ್ಟದ ಬುಡದ ಹಳ್ಳಿಯವರು. ಕಡಲನ್ನು ಮೊದಲ ಸಲ ಕಂಡದ್ದು ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ, ಕೆಲಸದ ಸಂದರ್ಶನಕ್ಕೆ ಹೋದಾಗ. ಆದರೆ ನೀರಿನ ಭಯ ಅವರಿಗೆ ಇರಲಿಲ್ಲ. ತಂದೆ ಮುನಿರಾಮಪ್ಪನವರು ಆರನೆಯ ವಯಸ್ಸಿನಲ್ಲೇ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ, ತೋಟದ ಬಾವಿಗೆ ಇಳಿಸಿದ್ದರು. ಕಲ್ಲು ಕಟ್ಟಿದ ಆ ಚೌಕದ ಬಾವಿಯಲ್ಲಿ ಮೇಲಿನಿಂದ ದುಮುಕಿ, ಮುಳುಗಿ, ತಳದ ಮಣ್ಣು ಹಿಡಿದು ತರುವಷ್ಟು ನುರಿತ ಹುಡುಗನಾಗಿ ಬೆಳೆದರು. ಹಡಗಿಗೆ ಸೇರಿದಾಗ ಜೊತೆಯವರು ತೇಲುಜಾಕೆಟ್ ಕೊಟ್ಟರೆ ಅದನ್ನು ಮೊಳೆಗೆ ನೇತುಹಾಕುತ್ತಿದ್ದರು. ಸೆಕೆಯಲ್ಲಿ ಅದು ಮೈಗೆ ಅಂಟುತ್ತಿತ್ತು. ಈಜು ಬಲ್ಲವನಿಗೆ ಅದೇಕೆ ಎಂಬ ಹೆಮ್ಮೆಯೂ ಇತ್ತು.

ಅಂದು ಬಲೆ ಎಳೆಯುತ್ತಿದ್ದ ಉಕ್ಕಿನ ಹಗ್ಗ ರಾಟೆಯಿಂದ ಹಾರಿ ಅವರ ಮೊಣಕಾಲಿಗೆ ಬಡಿಯಿತು. ಮರುಕ್ಷಣ ಬಾಯಿ ತುಂಬ ಉಪ್ಪುನೀರು. ಮೇಲೆದ್ದು ನೋಡಿದರೆ ಹಡಗು ಆಗಲೇ ಅಷ್ಟು ದೂರ. ಆಗ ಅವರು, ಬಾವಿಯಲ್ಲಿ ಈಜು ಕಲಿತ ನಮ್ಮ ಕಡೆಯ ಯಾರೇ ಆದರೂ ಮಾಡುವುದನ್ನೇ ಮಾಡಿದರು. ದಡದ ಕಡೆಗೆ ಇದ್ದ ಬಲವನ್ನೆಲ್ಲ ಹಾಕಿ ಈಜಿದರು. ಬಾವಿಯಲ್ಲಿ ದಡವೆಂಬುದು ಹತ್ತು ಸಲ ಕೈ ಬೀಸಿದರೆ ಸಿಕ್ಕುವಂಥದ್ದು, ಮತ್ತು ಅದು ಎಲ್ಲಿಗೂ ಹೋಗುವುದಿಲ್ಲ. ಇಲ್ಲಿ ದಡವೆಂದರೆ ಹಡಗು. ಬಲೆ ಎಳೆಯುವಾಗ ಅದು ಎಷ್ಟೇ ನಿಧಾನವಾಗಿ ಸಾಗಿದರೂ ನಿಮಿಷಕ್ಕೆ ತೊಂಬತ್ತು ಮೀಟರ್ ಮುಂದೆ ಹೋಗುತ್ತದೆ. ಬೂಟು ಪ್ಯಾಂಟಿನಲ್ಲಿರುವ ಮನುಷ್ಯ ಅದರ ಅರ್ಧದಷ್ಟು ಈಜಿದರೂ ಹೆಚ್ಚು. ಈ ಲೆಕ್ಕವನ್ನು ಅವರು ಆಮೇಲೆ ಎಷ್ಟೋ ತರಗತಿಗಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸಿದರು. ಆ ಹೊತ್ತಿನಲ್ಲಿ ಮಾತ್ರ ಅದು ಅವರ ತೋಳುಗಳಿಗೆ ಗೊತ್ತಾಗಿರಲಿಲ್ಲ. ತೋಳು ಸೋತವು, ಉಸಿರು ಕಟ್ಟಿತು, ಹಡಗು ಇನ್ನೂ ಚಿಕ್ಕದಾಯಿತು.

ಅವರು ಬಿದ್ದದ್ದನ್ನು ಕಂಡವನು ಒಬ್ಬನೇ, ಹಡಗಿನ ಅಡುಗೆಯ ವೆಂಕಟ್. ಕೋಲಾರದ ಗಡಿಯ ನಂಗಲಿಯವನು. ಮನೆಮಾತು ತೆಲುಗು, ಹಡಗಿನಲ್ಲಿ ಎಲ್ಲರ ಮಾತೂ ಅವನ ಮಾತೇ. ಅಕ್ಕಿ ತೊಳೆದ ನೀರು ಚೆಲ್ಲಲು ಹೊರಗೆ ಬಂದಿದ್ದವನು ಕಿರುಚಿದ ಕಿರುಚಿಗೆ ಹಡಗಿನ ನಾಯಕರು ಎಂಜಿನ್ ನಿಲ್ಲಿಸಿದರು. ವೆಂಕಟ್ ಕೈಗೆ ಸಿಕ್ಕ ಖಾಲಿ ಎಣ್ಣೆ ಡಬ್ಬಗಳನ್ನು ಒಂದೊಂದಾಗಿ ಕಡಲಿಗೆ ಎಸೆದ. ಆಮೇಲೆ ಕಂಬಿ ಹಿಡಿದು ನಿಂತು, ಬಲಗೈ ಚಾಚಿ, ನೀರಿನಲ್ಲಿದ್ದ ಆ ತಲೆಯ ಕಡೆಗೆ ಬೆರಳು ತೋರಿಸುತ್ತ ಕೂಗಿದ:

“ಈದೊದ್ದು ಸಾಮಣ್ಣಾ, ವೆಲ್ಲಕಿಲಾ ಪಡುಕೋ.”

ಈಜಬೇಡ, ಅಂಗಾತ ಮಲಗು. ಗಡಿಯ ಹಳ್ಳಿಗಳಲ್ಲಿ ಬಾವಿಯ ಕಟ್ಟೆಯ ಮೇಲೆ ಕುಳಿತ ದೊಡ್ಡವರು ದಣಿದ ಮಕ್ಕಳಿಗೆ ಹೇಳುವ ಮಾತು. ಮುನಿಶಾಮಿಯವರಿಗೆ ಅಷ್ಟು ದೂರದಿಂದ ಮಾತೆಲ್ಲ ಕೇಳಿಸಿತೋ ಇಲ್ಲವೋ, ಅದರ ರಾಗ ಕೇಳಿಸಿತು. ಕೈಕಾಲು ಬಿಟ್ಟು ಅಂಗಾತ ಮಲಗಿದರು. ತೇಲಿಬಂದ ಎಣ್ಣೆ ಡಬ್ಬವೊಂದನ್ನು ಎದೆಗೆ ಅವುಚಿಕೊಂಡರು. ಅಲೆ ಎತ್ತಿದಾಗಲೆಲ್ಲ ಹಡಗಿನ ಹಿಂತುದಿಯಲ್ಲಿ ಆ ಚಾಚಿದ ಕೈ ಕಾಣುತ್ತಿತ್ತು. ಅಲೆ ಇಳಿಸಿದಾಗ ಕಾಣುತ್ತಿರಲಿಲ್ಲ. ಮತ್ತೆ ಎತ್ತಿದಾಗ ಅದು ಅಲ್ಲೇ ಇರುತ್ತಿತ್ತು. ಹೊರಗಿದ್ದ ಬಲೆಯನ್ನು ಒಳಗೆಳೆದು ಹಡಗು ತಿರುಗಿ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಅಷ್ಟೂ ಹೊತ್ತು ವೆಂಕಟ್ ಕೈ ಇಳಿಸಲಿಲ್ಲ, ಕಣ್ಣು ತೆಗೆಯಲಿಲ್ಲ. ಒಲೆಯ ಮೇಲಿನ ಸಾರು ಸೀದು ಹೊಗೆಯಾದರೂ ತಿರುಗಿ ನೋಡಲಿಲ್ಲ.

ಹಡಗು ಪಕ್ಕಕ್ಕೆ ಬಂದ ಮೇಲೆಯೇ ನಿಜವಾದ ಕಷ್ಟ ಎದುರಾಯಿತು. ನೀರಿನಿಂದ ನೋಡಿದರೆ ಹಡಗಿನ ಪಕ್ಕವೆಂದರೆ ಎರಡಾಳೆತ್ತರದ ಉಕ್ಕಿನ ಗೋಡೆ. ಬಾವಿಯಲ್ಲಾದರೆ ಕಲ್ಲಿನ ಸಂದಿ ಇರುತ್ತದೆ, ಮೆಟ್ಟಿಲು ಇರುತ್ತದೆ, ಇಳಿಬಿದ್ದ ಬೇರಾದರೂ ಇರುತ್ತದೆ. ಇಲ್ಲಿ ಬೆರಳಿಗೆ ಸಿಕ್ಕುವ ಒಂದು ಅಂಚೂ ಇಲ್ಲ. ಎಸೆದ ಹಗ್ಗವನ್ನು ಹಿಡಿದರು. ಮರಗಟ್ಟಿದ ಬೆರಳುಗಳಿಂದ ಅದು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಕಡೆಗೆ ಯಾರಿಗೋ ಹೊಳೆದು, ಈಗಷ್ಟೇ ಒಳಗೆಳೆದಿದ್ದ ಬಲೆಯ ಒಂದು ತುದಿಯನ್ನು ಕಂಬಿಗೆ ಬಿಗಿದು ಪಕ್ಕದಿಂದ ಇಳಿಬಿಟ್ಟರು. ಬಲೆಯ ಕಣ್ಣಿಗೆ ಮೊದಲು ಪಾದ ಸಿಕ್ಕಿತು, ಆಮೇಲೆ ಮೊಣಕೈ ಸಿಕ್ಕಿತು. ಸಂಜೆ ಹಡಗಿನವರೆಲ್ಲ ಸೀದ ಸಾರಿನಲ್ಲೇ ಊಟ ಮಾಡಿದರು.

“ನಿಮ್ಮಿಂದ ನನ್ ಸಾರು ಹೋಯ್ತಲ್ಲ ಸಾಮಣ್ಣ,” ಎಂದ ವೆಂಕಟ್, ಕಂಬಳಿ ಹೊದ್ದು ಕುಳಿತಿದ್ದವರಿಗೆ ಕಾಫಿ ಕೊಡುತ್ತ. ಅರ್ಧ ಗಂಟೆ ಚಾಚಿದ್ದ ಬಲಗೈಯಲ್ಲೇ ಲೋಟ ಹಿಡಿದಿದ್ದ. ಮುನಿಶಾಮಿಯವರು ಎರಡೂ ಕೈಗಳಿಂದ ಆ ಕೈಯನ್ನೇ ಹಿಡಿದುಕೊಂಡರಂತೆ.

ಮೂರು ವರ್ಷಗಳ ನಂತರ ಅವರು ಹಡಗಿನ ಬಡ್ತಿಯನ್ನು ಬಿಟ್ಟು ತರಬೇತಿ ಶಾಲೆಯ ಬೋಧಕರಾದರು. ಅದಕ್ಕೆ ಅವರು ಕೊಡುತ್ತಿದ್ದ ಕಾರಣ ಸರಳವಾದದ್ದು. ಬಿದ್ದವರನ್ನು ಈಜು ಉಳಿಸುವುದಿಲ್ಲ. ತೇಲಿಸುವ ವಸ್ತು, ನೋಡುವ ಕಣ್ಣು, ಹತ್ತುವ ದಾರಿ ಉಳಿಸುತ್ತವೆ. ಇದನ್ನು ಯಾರೂ ಮೊದಲ ದಿನ ಹೇಳಿಕೊಡುವುದಿಲ್ಲ ಎಂಬುದು ಅವರ ಕೊರಗಾಗಿತ್ತು.

ಅವರ ಮೊದಲ ಪಾಠವನ್ನು ಯಾವ ಶಿಷ್ಯರೂ ಮರೆತಿಲ್ಲ. ತರಬೇತಿಯ ದೋಣಿಯಿಂದ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿಯನ್ನು ಕಡಲಿಗೆ ಬಿಡುತ್ತಿದ್ದರು. ದೂರದಿಂದ ನೋಡಿದರೆ ಮನುಷ್ಯನ ತಲೆ ಅಷ್ಟೇ ಕಾಣುವುದು. ಒಬ್ಬರನ್ನು ಕರೆದು ಅದರ ಕಡೆಗೆ ಕೈ ಚಾಚಿ ನಿಲ್ಲಲು ಹೇಳಿ, ಉಳಿದವರಿಗೆಲ್ಲ ಚಹಾ ಹಂಚುತ್ತ ಬರುತ್ತಿದ್ದರು. ಕೈ ಚಾಚಿ ನಿಂತವರ ಬಳಿಗೆ ಬಂದಾಗ ಬಹಳ ಅಕ್ಕರೆಯಿಂದ, “ತಗೊಳಪ್ಪ, ಬಿಸಿ ಇದೆ,” ಎನ್ನುತ್ತಿದ್ದರು. ಹುಡುಗ ತಿರುಗಿ ಲೋಟ ತೆಗೆದುಕೊಳ್ಳುತ್ತಿದ್ದ. ಮತ್ತೆ ನೋಡಿದರೆ ತೆಂಗಿನಕಾಯಿ ಇರುತ್ತಿರಲಿಲ್ಲ. ಮುನಿಶಾಮಿಯವರು ಬೈಯುತ್ತಿರಲಿಲ್ಲ. ಇನ್ನೊಂದು ತೆಂಗಿನಕಾಯಿ ಬಿಟ್ಟು ಮುಂದಿನವರನ್ನು ಕರೆಯುತ್ತಿದ್ದರು.

ಶ್ರೀನಿವಾಸಪುರದ ಕಡೆಯಿಂದ ಬಂದಿದ್ದ ಆಶಾರಾಣಿ ಎಂಬ ವಿದ್ಯಾರ್ಥಿನಿಗೆ ನೀರೆಂದರೆ ಎದೆ ನಡುಗುತ್ತಿತ್ತು. ಅವಳ ಊರಿನ ಬಾವಿಗಳು ಅವಳು ಹುಟ್ಟುವ ಮೊದಲೇ ಬತ್ತಿ, ನೀರೆಂಬುದು ಕೊಳವೆಯಿಂದ ಬರುವ ಪದಾರ್ಥವಾಗಿತ್ತು. ಮುನಿಶಾಮಿಯವರು ಒಂದು ತಿಂಗಳು ದಿನವೂ ಬೆಳಿಗ್ಗೆ ಶಾಲೆಯ ಕೊಳದಲ್ಲಿ ಸೊಂಟದುದ್ದ ನೀರಿನಲ್ಲಿ ಅವಳ ಪಕ್ಕ ಸುಮ್ಮನೆ ನಿಂತಿರುತ್ತಿದ್ದರು. ಮಾತೆಲ್ಲ ಊರಿನ ಮಾವಿನ ಫಸಲಿನ ಬಗ್ಗೆ. ಅವಳು ಒಂದು ದಿನ ತಾನಾಗಿ ಅಂಗಾತ ಮಲಗಿದಾಗ, “ಆಕಾಶ ಕಾಣಿಸ್ತಾ ಇದ್ಯೇನಮ್ಮ?” ಎಂದಷ್ಟೇ ಕೇಳಿದರು. ಇಂದು ಆಕೆ ಅದೇ ಶಾಲೆಯಲ್ಲಿ ಅವರ ಪಾಠವನ್ನು ಮುಂದುವರಿಸುತ್ತಿದ್ದಾರೆ. ಚಳಿಗಾಲದಲ್ಲಿ ಊರಿನಿಂದ ಅವರೆಕಾಯಿ ಮೂಟೆ ತರಿಸಿ, ವಿದ್ಯಾರ್ಥಿನಿಲಯದ ಜಗಲಿಯ ಮೇಲೆ ಕರಾವಳಿಯ ಹುಡುಗರನ್ನೆಲ್ಲ ಕೂರಿಸಿಕೊಂಡು ಕಾಳು ಹಿಚುಕಿಸುತ್ತಿದ್ದ ಮೇಷ್ಟ್ರನ್ನು ಮೀನಿನ ಊಟದವರೂ ಮರೆಯಲಾರರು.

ಇಷ್ಟರಲ್ಲಿ ವೆಂಕಟ್ ಹಡಗಿನ ಕೆಲಸ ಬಿಟ್ಟು ನಂಗಲಿಗೆ ಮರಳಿ, ಹೆಂಡತಿ ಕದಿರಮ್ಮನ ಜೊತೆ ಟೊಮೆಟೊ ಬೆಳೆಯತೊಡಗಿದ್ದ. ಮುನಿಶಾಮಿಯವರು ಪ್ರತಿವರ್ಷ ರಜೆಯಲ್ಲಿ ಅವರಲ್ಲಿಗೆ ಹೋಗುತ್ತಿದ್ದರು. ನಿವೃತ್ತಿಯ ಹಿಂದಿನ ವರ್ಷ ಹೋದಾಗ ತೋಟದ ಮೂಲೆಯಲ್ಲಿ ಹೊಸ ಕೃಷಿ ಹೊಂಡ ಕಂಡಿತು. ಮಳೆನೀರು ಇಂಗದಂತೆ ತಳಕ್ಕೂ ಇಳಿಜಾರಿಗೂ ಕಪ್ಪು ಪ್ಲಾಸ್ಟಿಕ್ ಶೀಟು ಹಾಸಿದ್ದರು. ಅದರ ಮೇಲೆ ತೆಳುವಾದ ಪಾಚಿ ಕಟ್ಟಿತ್ತು. ಮುನಿಶಾಮಿಯವರು ದಡದಲ್ಲಿ ಕುಳಿತು ಶೀಟಿನ ಮೇಲೆ ಅಂಗೈ ಒತ್ತಿ ನೋಡಿದರು. ಅದು ಅವರಿಗೆ ಗುರುತಿದ್ದ ಗೋಡೆ. ಹಿಡಿಯಲು ಅಂಚಿಲ್ಲ.

ಆ ಸುತ್ತಿನಲ್ಲೇ ಹಿಂದಿನ ಬೇಸಿಗೆಯಲ್ಲಿ, ಒಳ್ಳೆಯ ಈಜುಗಾರನೆಂದು ಹೆಸರಾಗಿದ್ದ ಒಬ್ಬರು ಇಂಥದ್ದೇ ಹೊಂಡದಲ್ಲಿ ಜಾರಿ, ಹತ್ತಲಾಗದೆ ದಣಿದು ತೀರಿಕೊಂಡಿದ್ದರು. ವೆಂಕಟ್ ಮೋಟಾರು ನೀರೆಳೆಯುವ ಕೊಳವೆಯ ತುದಿಯ ಫುಟ್‌ವಾಲ್ವ್‌ಗೆ ಸಿಕ್ಕಿಕೊಂಡ ಕಸ ತೆಗೆಯಲು ದಿನವೂ ಬೆಳಿಗ್ಗೆ ಒಬ್ಬನೇ ಆ ಇಳಿಜಾರಿಗೆ ಬಗ್ಗುತ್ತಾನೆಂದು ತಿಳಿದ ಮೇಲೆ ಮುನಿಶಾಮಿಯವರಿಗೆ ನೆಮ್ಮದಿಯಿರಲಿಲ್ಲ. ತನ್ನನ್ನು ಕಡಲಿನಿಂದ ತೆಗೆಸಿದವನು ಹೊಲದ ಮೂಲೆಯಲ್ಲಿ ಹೋಗಿಬಿಡಬಾರದು. ಬಂದರಿನಲ್ಲಿ ಬಿಸಾಡಿದ ಹಳೆಯ ಬಲೆ ತರುತ್ತೇನೆ, ಗೂಟಕ್ಕೆ ಬಿಗಿದು ಇಳಿಬಿಡೋಣ ಎಂದರು. ವೆಂಕಟ್ ನಕ್ಕುಬಿಟ್ಟ.

“ಸಾಮಣ್ಣ, ಅರಬ್ಬಿ ಸಮುದ್ರದಲ್ಲಿ ಇಪ್ಪತ್ತು ವರ್ಷ ಅನ್ನ ಬೇಯ್ಸಿದೋನು ನಾನು. ಈ ತೊಟ್ಟೀಲಿ ಮುಳುಗ್ತೀನಾ? ಗಂಟು ಉಜ್ಜಿ ಶೀಟು ಹರಿದ್ರೆ ನೀರೆಲ್ಲ ಹೋಗ್ತದೆ. ಬೆಳೆಗೇನ್ ನಿಮ್ ಪಾಠ ಹಾಯಿಸ್ಲಾ?”

ಶೀಟಿನ ಆತಂಕ ನ್ಯಾಯವಾದದ್ದೆಂದು ಮುನಿಶಾಮಿಯವರು ಒಪ್ಪಿದರು, ವಾದಿಸಲಿಲ್ಲ. ಹಿಂತಿರುಗಿ ಹೋಗಿ, ಕೊನೆಯ ವರ್ಷದ ರಜೆಯ ದಿನಗಳಲ್ಲೆಲ್ಲ ಬಲೆಯ ಗಂಟುಗಳಿಗೆ ಗೋಣಿಪಟ್ಟಿ ಸುತ್ತಿ ಹೊಲಿಯುತ್ತ ಕುಳಿತರು. ನಿವೃತ್ತಿಯಾದ ಮರುವಾರ, ಕರಾವಳಿಯಿಂದ ಮೀನು ಹೊತ್ತು ಬರುತ್ತಿದ್ದ ಲಾರಿಯಲ್ಲಿ ಬಲೆಯನ್ನು ಹಾಕಿಸಿಕೊಂಡು ಮುಳಬಾಗಿಲು ದಾಟಿ ನಂಗಲಿಗೆ ಬಂದರು. ವಾಸನೆಗೆ ಕದಿರಮ್ಮ ಮೂಗಿಗೆ ಸೆರಗು ಹಿಡಿದಳು.

“ಅಣ್ಣ, ಸನ್ಮಾನದ ಶಾಲು ತೋರಿಸ್ತೀರ ಅಂತ ಕಾದಿದ್ರೆ ಇದೇನ್ ತಂದ್ರಿ?”

“ಇದು ನಿನ್ ಗಂಡನಿಗೆ ಸನ್ಮಾನ ಕಣಮ್ಮ.”

ವೆಂಕಟ್ ಮಾತ್ರ ಪಟ್ಟು ಬಿಡಲಿಲ್ಲ. ಬಲೆಯಿಲ್ಲದೆಯೇ ಹತ್ತಿ ತೋರಿಸುತ್ತೇನೆ, ಹತ್ತಿದರೆ ಬಲೆಯನ್ನು ವಾಪಸ್ಸು ಒಯ್ಯಬೇಕು ಎಂದ. ಮುನಿಶಾಮಿಯವರು ಸರಿ ಎಂದು, ಮೊದಲು ಅವನಿಗೆ ತೇಲುಜಾಕೆಟ್ ತೊಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ಹುಣಸೆಮರಕ್ಕೆ ಬಿಗಿದರು.

“ಮದುವೇಲೂ ಇಷ್ಟು ಸಿಂಗಾರ ಮಾಡಿರ್ಲಿಲ್ಲ ನಂಗೆ,” ಎನ್ನುತ್ತ ವೆಂಕಟ್ ಬಟ್ಟೆಯ ಸಮೇತ ಇಳಿದ.

ಮೊದಲ ಸಲ ಮೂರು ಹೆಜ್ಜೆ ಹತ್ತಿ ಜಾರಿದಾಗ ನಕ್ಕ. ಎರಡನೆಯ ಸಲ ಶೀಟನ್ನು ಬೈದ. ಬೇರೆ ಮೂಲೆಗೆ ಈಜಿ ಪ್ರಯತ್ನಿಸಿದ, ಅಲ್ಲಿಯೂ ಹಾಗೆಯೇ. ಒಂದು ದಡದಿಂದ ಇನ್ನೊಂದು ದಡಕ್ಕೆ ಈಜುತ್ತ, ಹತ್ತುತ್ತ, ಜಾರುತ್ತ ಹೋದಂತೆ ಅವನ ಮಾತು ಕಡಿಮೆಯಾಯಿತು, ಉಸಿರಿನ ಸದ್ದು ಹೆಚ್ಚಾಯಿತು. ಹಗ್ಗ ಎಳೆಯಲು ಕದಿರಮ್ಮ ಮುಂದೆ ಬಂದಳು. ವೆಂಕಟ್ ಬೇಡವೆಂದು ಕೈಯಾಡಿಸಿದ.

ಮುನಿಶಾಮಿಯವರು ಹಗ್ಗವನ್ನು ಎಡಗೈಯಲ್ಲಿ ಹಿಡಿದು ದಡದ ಮೇಲೆ ನಿಂತಿದ್ದರು. ಬಲಗೈ ಯಾವಾಗ ಮೇಲೆದ್ದಿತೋ ಅವರಿಗೇ ತಿಳಿಯಲಿಲ್ಲ. ಅದು ನೀರಿನಲ್ಲಿದ್ದ ಆ ನರೆತ ತಲೆಯ ಕಡೆಗೆ ಚಾಚಿಕೊಂಡು, ಅವನು ಹೋದ ಕಡೆಗೆಲ್ಲ ತಿರುಗುತ್ತಿತ್ತು.

“ಈದೊದ್ದು ವೆಂಕಟಾ,” ಎಂದರು ಅವರು, ಗಟ್ಟಿಯಾಗಿ ಅಲ್ಲ. “ವೆಲ್ಲಕಿಲಾ ಪಡುಕೋ.”

ವೆಂಕಟ್ ತಿರುಗಿ ನೋಡಿದ. ದಡದ ಮೇಲಿನ ಆ ಕೈಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈಕಾಲು ಬಿಟ್ಟು ನಿಧಾನವಾಗಿ ಅಂಗಾತ ಮಲಗಿದ. ತೋಟದಲ್ಲಿ ಮೋಟಾರು ನಿಂತಿತ್ತು. ಹೆದ್ದಾರಿಯ ಲಾರಿಗಳ ಸದ್ದು ಮಾತ್ರ ಇತ್ತು.

“ಅಷ್ಟು ದೂರ ಕಾಣಿಸ್ತಿತ್ತಾ ಸಾಮಣ್ಣ, ನನ್ ಕೈ? ಅವತ್ತು?”

“ಅದೊಂದೇ ಕಾಣಿಸ್ತಿದ್ದಿದ್ದು.”

ವೆಂಕಟ್ ದಡದಲ್ಲಿದ್ದ ಬಲೆಯ ಕಡೆಗೆ ಕತ್ತು ತಿರುಗಿಸಿದ: “ಹಾಕಪ್ಪ ನಿನ್ ಬಲೆ. ಬೆನ್ನು ತಣ್ಣಗಾಗ್ತಾ ಇದೆ.”

ಗೋಣಿ ಸುತ್ತಿದ ಬಲೆ ಶೀಟಿನ ಮೇಲೆ ಸದ್ದಿಲ್ಲದೆ ಇಳಿಯಿತು. ವೆಂಕಟ್ ಅದರ ಕಣ್ಣುಗಳಲ್ಲಿ ಪಾದವಿಟ್ಟು ಹತ್ತಿ ಬಂದು ದಡದ ಮೇಲೆ ಕುಳಿತ. ಕದಿರಮ್ಮ ಮೂಗಿಗೆ ಹಿಡಿದಿದ್ದ ಸೆರಗಿನಿಂದಲೇ ಅವನ ತಲೆ ಒರೆಸಿದಳು. ಅಂದು ಊಟಕ್ಕೆ ಮಾಡಿದ್ದ ಸಾರನ್ನು ವೆಂಕಟ್ ತಾನೇ ಬಡಿಸಿದ. “ಇದು ಸೀದಿಲ್ಲ ಸಾಮಣ್ಣ, ಧೈರ್ಯವಾಗಿ ತಿನ್ನಿ,” ಎಂದ.

ಈಗ ಇಬ್ಬರೂ ಸೇರಿ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹೊಂಡವಿರುವ ತೋಟಗಳಿಗೆ ಹೋಗುತ್ತಾರೆ. ಬಲೆಯನ್ನು ಮುನಿಶಾಮಿಯವರು ಬಿಗಿಯುತ್ತಾರೆ. ಶೀಟು ಹರಿಯುತ್ತದೆ ಎಂದು ಅನುಮಾನಿಸುವವರಿಗೆ ಉತ್ತರ ಹೇಳುವುದು ವೆಂಕಟ್‌ನ ಪಾಲು. ಕಡಲಿನ ಶಾಲೆ ಮುನಿಶಾಮಿಯವರಿಗೆ ವಿಶ್ರಾಂತಿಯನ್ನು ಕೊಟ್ಟಿದೆ, ಅವರು ಅದನ್ನು ಇನ್ನೂ ತೆಗೆದುಕೊಂಡಿಲ್ಲ. ಅವರ ಗೋಣಿಸೂಜಿಗೆ ದಾರ ಪೋಣಿಸುವಷ್ಟು ಕಣ್ಣಿನ ಬೆಳಕು, ಚಾಚಿದ ಕೈ ಇಳಿಯದಷ್ಟು ತೋಳಿನ ಕಸುವು ಇನ್ನೂ ಬಹಳ ವರ್ಷ ಅವರಲ್ಲಿರಲಿ. ಜೊತೆಗೆ ಸಾರು ಬಡಿಸುವ ಆ ಗೆಳೆಯನೂ ಇರಲಿ ಎಂದು ಶಿಷ್ಯರೆಲ್ಲರ ಹಾರೈಕೆ. ನಂಗಲಿಯ ಆ ಮೊದಲ ಬಲೆ ಇಂದಿಗೂ ಅದೇ ಗೂಟದಲ್ಲಿದೆ. ದಡದಿಂದ ಹೊಂಡದ ತಳದವರೆಗೆ ಅದರ ಉದ್ದ ಆರು ಮೀಟರ್ ನಲವತ್ತು ಸೆಂಟಿಮೀಟರ್.