ಉತ್ತರದ ಬಾಗಿಲು ತೆಗೆದವರು ಯಾರು

ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ದಂತವೈದ್ಯರು ಬಾಯಿಯ ಅಳತೆ ತೆಗೆದು ಅಚ್ಚು ಕಳಿಸುತ್ತಾರೆ. ಅವನು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಎಬ್ಬಿಸಿ, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಮಾಡುತ್ತಾನೆ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಕಿಟಕಿಯ ಕೆಳಗಿನ ಉದ್ದ ಮೇಜಿನ ಮೇಲೆ ಯಾರ‍್ಯಾರದೋ ದವಡೆಗಳು ಹೆಸರಿನ ಚೀಟಿ ಅಂಟಿಸಿಕೊಂಡು ಸಾಲಾಗಿ ನಗುತ್ತ ಕೂತಿರುತ್ತವೆ. ಹೊಸಬರು ಒಳಗೆ ಕಾಲಿಟ್ಟರೆ ಬೆಚ್ಚುತ್ತಾರೆ.

ಬೆಚ್ಚಬೇಕಾದದ್ದು ಹಲ್ಲು ನೋಡಿ ಅಲ್ಲ, ಎದುರುಗೋಡೆಯ ಕಪಾಟು ನೋಡಿ ಎಂಬುದು ಅವನ ಹೆಂಡತಿಯ ಅಭಿಪ್ರಾಯ. ಅಲ್ಲಿದ್ದವು ‘ಕೋಟೆಗಳ ಕಥೆ’ಯ ಎಂಟು ಸಂಪುಟಗಳು. ಒಂದೊಂದೂ ತಲೆದಿಂಬಿನಷ್ಟು ದಪ್ಪ. ಒಂಬತ್ತು ಕೋಟೆಗಳ ರಾಜ್ಯ, ನಾಲ್ಕು ತಲೆಮಾರಿನ ಜಗಳ, ಮಾತನಾಡುವ ಹದ್ದುಗಳು, ಬೆಂಕಿಯುಗುಳುವ ಎರಡು ಬಗೆಯ ಮೃಗಗಳು, ಇನ್ನೊಂದು ಬಗೆ ಬರೀ ಹೊಗೆಯುಗುಳುವುದು. ಒಂಬತ್ತನೆಯ, ಕೊನೆಯ ಸಂಪುಟ ಇನ್ನೇನು ಬಂತು ಎನ್ನುತ್ತ ಆರು ವರ್ಷ ಕಳೆದಿತ್ತು. ಆ ಆರು ವರ್ಷದಲ್ಲಿ ಅವನು ಮೊದಲಿನಿಂದ ಮೂರು ಸಲ ಓದಿ ಮುಗಿಸಿದ್ದ. ಒಟ್ಟು ಲೆಕ್ಕ ಹನ್ನೊಂದು ಸಲ. ಐವತ್ತು ದಾಟಿದ ಗಂಡಸು ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳಬಾರದು ಎಂದು ಅವನಿಗೂ ಗೊತ್ತಿತ್ತು. ಆದರೂ ಹೇಳಿಕೊಳ್ಳುತ್ತಿದ್ದ.

ಕಥೆಯೊಳಗಿನ ನಾನೂರ ಹನ್ನೆರಡು ಜನರ ವಂಶಾವಳಿ ಅವನಿಗೆ ಬಾಯಿಪಾಠ. ಸ್ವಂತ ಮನೆಯ ವಿಷಯದಲ್ಲಿ ಮಾತ್ರ ಅಷ್ಟು ಭರವಸೆ ಇರಲಿಲ್ಲ. ಮಗಳ ಕಾಲೇಜಿನ ಅರ್ಜಿ ತುಂಬುವಾಗ ಹುಟ್ಟಿದ ವರ್ಷ ಎಂಬಲ್ಲಿ ಮುನ್ನೂರ ಹನ್ನೊಂದು ಎಂದು ಬರೆದುಬಿಟ್ಟಿದ್ದ. ಅದು ಮೂರನೆಯ ಕೋಟೆ ಬಿದ್ದ ವರ್ಷ. ಕಾಲೇಜಿನವರು ಅರ್ಜಿ ತಿರುಗಿ ಕಳಿಸಿದಾಗ ಮಗಳು ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದಳು.

ಆ ಮೂರನೆಯ ಕೋಟೆಯೇ ಅವನ ಬದುಕಿನ ದೊಡ್ಡ ಸಂಗತಿ. ಎರಡನೆಯ ಸಂಪುಟದ ಕೊನೆಯಲ್ಲಿ ಶತ್ರುಗಳು ಅದನ್ನು ಮುತ್ತಿರುವಾಗ ಯಾರೋ ಒಳಗಿನವರೇ ಉತ್ತರದ ಬಾಗಿಲು ತೆಗೆಯುತ್ತಾರೆ. ಕೋಟೆ ಸುಟ್ಟು ಬೂದಿಯಾಗುತ್ತದೆ. ತೆಗೆದವರು ಯಾರೆಂದು, ಕಥೆ ಬರೆದ ಪುಣ್ಯಾತ್ಮ ಮುಂದಿನ ಆರು ಸಂಪುಟಗಳಲ್ಲೂ ಬಾಯಿ ಬಿಟ್ಟಿರಲಿಲ್ಲ. ರಾಜನ ಭಾವಮೈದುನನೇ ತೆಗೆದದ್ದು ಎಂಬುದು ಇವನ ವಾದ. ಮರುದಿನ ಆ ಭಾವಮೈದುನನ ಬೂಟಿಗೆ ಕೆಂಪು ಮಣ್ಣು ಮೆತ್ತಿತ್ತು, ಕೆಂಪು ಮಣ್ಣು ಇರುವುದು ಉತ್ತರದ ಬಾಗಿಲ ಬಳಿ ಮಾತ್ರ. ಈ ಒಂದು ಸಾಲಿನ ಸಂಗತಿಯನ್ನು ಅವನು ನಲವತ್ತು ಪುಟಕ್ಕೆ ಹಿಗ್ಗಿಸಿ ಪ್ರಬಂಧ ಬರೆದಿದ್ದ.

ಪ್ರಬಂಧ ಕೇಳುವವರೂ ಇದ್ದರು ಎಂಬುದೇ ಆಶ್ಚರ್ಯ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯೊಂದರ ಮಹಡಿಯಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ಐದಾರು ಜನ ಓದುಗರು ಸೇರುತ್ತಿದ್ದರು. ಅವರಲ್ಲಿ ಲೈಬ್ರರಿ ಮೇಡಂ ಅಧ್ಯಕ್ಷೆ. ಲಿಫ್ಟ್ ರಿಪೇರಿಯವರು ಯಾವ ವಾದಕ್ಕಾದರೂ ತಲೆಯಾಡಿಸುವವರು. ಇವನಿಗೆ ಅಲ್ಲಿ ‘ಇತಿಹಾಸಕಾರರು’ ಎಂದು ಹೆಸರು. ಭಾವಮೈದುನನ ವಾದವನ್ನು ಅವನು ಆ ಮಹಡಿಯಲ್ಲಿ ಹತ್ತೊಂಬತ್ತು ವರ್ಷ ಕಾಪಾಡಿಕೊಂಡು ಬಂದಿದ್ದ.

ಅಷ್ಟರಲ್ಲಿ ಅತ್ತೆಯ ಕಣ್ಣಿನ ಪರದೆ ಹರಿಯಿತು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಆಪರೇಷನ್ ಆದ ಮೇಲೆ ಎರಡು ವಾರ ತಲೆ ತಗ್ಗಿಸಿಯೇ ಕೂರಬೇಕು, ಆಮೇಲೂ ಎರಡು ಮೂರು ತಿಂಗಳು ಓದುವುದು, ಟೀವಿ ನೋಡುವುದು ಬೇಡ ಎಂದು ವೈದ್ಯರು ಹೇಳಿದ್ದರಿಂದ ಮಗಳ ಮನೆಗೆ ಬಂದರು. ಮಗಳು, ಎಂದರೆ ಇವನ ಹೆಂಡತಿ, ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ, ಎಂಟಕ್ಕೇ ಹೊರಡುವವಳು. ಹೋಗುವ ಮುಂಚೆ ತಾಯಿಯನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಸ್ಟೂಲಿನ ಮೇಲೆ ದಿಂಬಿಟ್ಟು, ದಿಂಬಿಗೆ ಅವರ ಹಣೆ ಒರಗಿಸಿ, “ರೀ, ಅಮ್ಮನ ಹತ್ರ ಏನಾದ್ರೂ ಮಾತಾಡ್ತಾ ಇರಿ” ಎಂದು ಹೇಳಿ ಹೋದಳು.

ಅಳಿಯ ಅತ್ತೆಯೊಡನೆ ಮಾತನಾಡಲು ಇರುವ ವಿಷಯವೆಷ್ಟು? ಹವೆ, ಔಷಧಿ, ಹಲ್ಲು. ಅತ್ತೆಯ ಬಾಯಲ್ಲಿದ್ದ ಸೆಟ್ಟು ಇವನೇ ಮಾಡಿಕೊಟ್ಟದ್ದು. ಅದು ಸರಿಯಾಗಿದೆ ಎಂದು ಅವರು ಹೇಳಿದ ಮೇಲೆ ಆ ವಿಷಯವೂ ಮುಗಿಯಿತು. ಹತ್ತು ಗಂಟೆಯ ಹೊತ್ತಿಗೆ ಅವನಿಗೆ ಬೇರೆ ದಾರಿ ಕಾಣದೆ, “ಅತ್ತೆ, ಒಂದು ಕಥೆ ಓದ್ಲಾ?” ಎಂದ.

“ಓದಿ. ಹೇಗೂ ನೆಲ ನೋಡ್ತಾ ಕೂತಿದ್ದೀನಿ.”

ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಅರ್ಧ ಗಂಟೆ, ಮೇಣ ಆರುವವರೆಗೆ ಇಪ್ಪತ್ತು ನಿಮಿಷ, ಹೀಗೆ ಸಿಕ್ಕ ಸಿಕ್ಕ ಸಂದಿನಲ್ಲಿ ಅವನು ಮೊದಲನೆಯ ಸಂಪುಟ ಓದತೊಡಗಿದ. ಅತ್ತೆ ಹೂಂಗುಟ್ಟುತ್ತ ಕೇಳಿದರು. ಯುದ್ಧದ ಭಾಗ ಬಂದಾಗ ಮಾತ್ರ, “ಇದೆಲ್ಲ ಬೇಡ ಅಳಿಯಂದ್ರೆ, ಯಾರು ಸತ್ರು ಅಂತ ಹೇಳಿ ಮುಂದೆ ಹೋಗಿ” ಎನ್ನುತ್ತಿದ್ದರು. ಐವತ್ತು ಪುಟದ ಮಹಾಯುದ್ಧಗಳು ಆ ಕೋಣೆಯಲ್ಲಿ ಅರ್ಧ ನಿಮಿಷಕ್ಕೆ ಮುಗಿದವು. ಅವನ ಹೊಟ್ಟೆ ಉರಿಯಿತು. ಆದರೂ ಆರನೆಯ ದಿನ ಗೊತ್ತಾಯಿತು, ಅತ್ತೆ ಒಂದು ಹೆಸರನ್ನೂ ಮರೆಯುತ್ತಿಲ್ಲ. ತಾನು ನಾಲ್ಕು ಸಲ ಓದಿದ ಮೇಲೆ ಗುರುತಿಸಿದ್ದ ನೆಂಟಸ್ತಿಕೆಗಳನ್ನು ಅವರು ದಿಂಬಿನಿಂದ ಹಣೆ ಎತ್ತದೆ ಹೇಳುತ್ತಿದ್ದರು.

ಮೂರು ವಾರಕ್ಕೆ ಮೂರನೆಯ ಕೋಟೆ ಬಂತು. ಆ ಹೊತ್ತಿಗೆ ಅತ್ತೆಗೆ ತಲೆಯೆತ್ತಿ ಕೂರಲು ಅಪ್ಪಣೆ ಸಿಕ್ಕಿತ್ತು, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಅವನು ಆ ಅಧ್ಯಾಯವನ್ನು ಬೇಕೆಂದೇ ನಿಧಾನವಾಗಿ, ಗಂಟಲು ನಡುಗಿಸಿ ಓದಿದ. ಬಾಗಿಲು ತೆರೆಯಿತು. ಕೋಟೆ ಬಿತ್ತು. ಪುಸ್ತಕ ಮುಚ್ಚಿ, “ಬಾಗಿಲು ತೆಗೆದವರು ಯಾರು ಅನ್ನೋದು ಇಲ್ಲೀವರೆಗೂ ಯಾರಿಗೂ ಗೊತ್ತಾಗಿಲ್ಲ, ಅತ್ತೆ” ಎಂದ. ನಲವತ್ತು ಪುಟದ ಪ್ರಬಂಧ ಮೇಜಿನ ಖಾನೆಯಲ್ಲಿ ಸಿದ್ಧವಾಗಿಯೇ ಇತ್ತು.

“ಆ ಅಡುಗೆಯವಳಲ್ವಾ?” ಎಂದರು ಅತ್ತೆ.

“ಯಾವ ಅಡುಗೆಯವಳು?”

“ಅಯ್ಯೋ, ಈಗ ತಾನೆ ಓದಿದ್ರಲ್ಲ. ಎಲ್ಲರೂ ಎದ್ದು ಬಿದ್ದು ಓಡ್ತಿದ್ದಾಗ ಅವಳು ಒಲೆ ಆರಿಸಿ ಹೊರಗೆ ಬಂದ್ಲು ಅಂತ. ಜೀವಭಯದಲ್ಲಿ ಓಡೋರು ಯಾರಾದ್ರೂ ಒಲೆ ಆರಿಸ್ತಾರಾ? ಹೊರಡೋದು ಮೊದಲೇ ಗೊತ್ತಿದ್ದೋರು ಆರಿಸ್ತಾರೆ.”

ಅವನು ಪುಸ್ತಕ ತೆರೆದು ನೋಡಿದ. ಹನ್ನೊಂದು ಸಲ ದಾಟಿಹೋಗಿದ್ದ ಸಾಲು ಅಲ್ಲೇ ಇತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೂಟಿನ ಕೆಂಪು ಮಣ್ಣಿನ ವಿಷಯ ತೊದಲುತ್ತ ಹೇಳಿದ.

“ಭಾವಮೈದುನನ ಮೇಲೆ ಹಾಕೋದು ಸುಲಭ ಬಿಡಿ,” ಎಂದರು ಅತ್ತೆ. “ಹೆಂಡತಿ ಕಡೆಯೋರ ಮೇಲೆ ಎಲ್ರೂ ಹಾಕ್ತಾರೆ.”

ತಾನೇ ಕೈಯಾರೆ ಮಾಡಿಕೊಟ್ಟ ಹಲ್ಲು ತನ್ನನ್ನೇ ಕಚ್ಚಿತು ಎಂದುಕೊಂಡು ಅವನು ಪಾಲಿಶ್ ಯಂತ್ರ ಹಾಕಿ ಗದ್ದಲ ಎಬ್ಬಿಸಿದ.

ಆಮೇಲೆ ಅವನು ಮಾಡಿದ ಕೆಲಸ ದೊಡ್ಡವರು ಮಾಡುವಂಥದ್ದಲ್ಲ. ಮೂರನೆಯ ಸಂಪುಟದ ನಡುವೆ ಆ ಅಡುಗೆಯವಳು ಇನ್ನೊಂದು ಸಲ ಬರುತ್ತಾಳೆ, ಸೇತುವೆಯ ಮೇಲೆ, ಬರೀ ಅರ್ಧ ಪುಟ. ಅವನು ಆ ಅರ್ಧ ಪುಟ ಬಿಟ್ಟು, ಉಸಿರು ಕೂಡ ತೆಗೆದುಕೊಳ್ಳದೆ, ಮುಂದಿನ ಪುಟಕ್ಕೆ ಜಿಗಿದ.

“ಏನೋ ಬಿಟ್ರಿ,” ಎಂದರು ಅತ್ತೆ.

“ಇಲ್ವಲ್ಲ.”

“ಅಳಿಯಂದ್ರೆ, ಲೈನಿನಲ್ಲಿ ಸುಳ್ಳು ಹೇಳೋರನ್ನ ಮೂವತ್ತು ವರ್ಷ ಕೇಳಿದ್ದೀನಿ. ಬಿಟ್ಟಿದ್ದನ್ನ ಓದಿ.”

ಅವನು ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಓದಿದ. ಆ ಮುಖ ಅತ್ತೆಗೆ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದೊಂದೇ ಸಮಾಧಾನ. ಸೇತುವೆಯ ಮೇಲೆ ಅಡುಗೆಯವಳ ಸೊಂಟದಲ್ಲಿ ಬೀಗದ ಕೈಗೊಂಚಲು ಇತ್ತು. ಅತ್ತೆ “ಹೂಂ, ಮುಂದೆ ಓದಿ” ಎಂದರು. ಬೈದಿದ್ದರೆ ವಾಸಿಯಿತ್ತು.

ಒಂದು ವಾರ ಅವನಿಗೆ ಹಲ್ಲು ಕೂರಿಸುವಾಗಲೂ ಅದೇ ಚಿಂತೆ. ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಎಡದ ಕೋರೆಹಲ್ಲನ್ನು ಬಲಕ್ಕೆ ಕೂರಿಸಿ, ಬೈಸಿಕೊಂಡು, ಮತ್ತೆ ಮಾಡಿಕೊಟ್ಟ. ಕೊನೆಗೆ ಅತ್ತೆಯ ಮಾತೇ ಸರಿ ಎಂದು ಮನಸ್ಸು ಒಪ್ಪಿತು. ಒಪ್ಪಿದ್ದು ತಪ್ಪಲ್ಲ. ಎರಡನೆಯ ಭಾನುವಾರ ಇಸ್ತ್ರಿ ಅಂಗಡಿಯ ಮಹಡಿಗೆ ಹೋಗಿ ಅವನು ಎದ್ದುನಿಂತು ಮಾತಾಡಿದ್ದು ತಪ್ಪು.

“ನಿಜವಾದ ಓದುಗ ತನ್ನ ತಪ್ಪನ್ನ ಒಪ್ಪಿಕೊಳ್ಳೋದಕ್ಕೆ ಹೆದರಬಾರದು,” ಎಂದು ಶುರುಮಾಡಿದ. ಒಲೆಯ ಮಾತು ಹೇಳಿದ, ಬೀಗದ ಕೈ ಹೇಳಿದ. ಎಲ್ಲವನ್ನೂ ಹೇಳಿದ, ಅತ್ತೆಯ ಸುದ್ದಿ ಒಂದು ಬಿಟ್ಟು. ಕೊನೆಗೆ ನಲವತ್ತು ಪುಟದ ಪ್ರಬಂಧವನ್ನು ಎಲ್ಲರೆದುರು ಕಸದ ಬುಟ್ಟಿಗೆ ಹಾಕಿದ. ಲಿಫ್ಟ್ ರಿಪೇರಿಯವರ ಕಣ್ಣು ಒದ್ದೆಯಾಯಿತು. ಕೆಳಗಿನಿಂದ ಏಳುತ್ತಿದ್ದ ಇಸ್ತ್ರಿಯ ಹಬೆಯೂ ಇರಬಹುದು. ಎಲ್ಲರೂ ಚಪ್ಪಾಳೆ ತಟ್ಟಿದರು. ಲೈಬ್ರರಿ ಮೇಡಂ ಮಾತ್ರ ಬುಟ್ಟಿಯಿಂದ ಪ್ರಬಂಧ ತೆಗೆದು ಧೂಳು ಕೊಡವಿ, “ನೀವು ಬಿಟ್ಟಿದ್ದನ್ನ ನಾನು ಇಟ್ಕೊಳ್ತೀನಿ. ನಂಗ್ಯಾಕೋ ಭಾವಮೈದುನನ ಮೇಲೇ ಅನುಮಾನ” ಎಂದರು. ಪಾಪ, ಹೊಸದನ್ನು ಒಪ್ಪಲು ದೊಡ್ಡ ಮನಸ್ಸು ಬೇಕು ಎಂದು ಅವನು ಕನಿಕರಪಟ್ಟ.

ಅದಾದ ಏಳು ವಾರಕ್ಕೆ ಒಂಬತ್ತನೆಯ ಸಂಪುಟ ಬಂತು.

ಬಂದ ದಿನವೇ ಕೊಂಡು ತಂದ. ಅಂದು ಒಂದು ಹಲ್ಲನ್ನೂ ಮುಟ್ಟಲಿಲ್ಲ. ಆ ವೇಳೆಗೆ ಅತ್ತೆಯೊಡನೆ ಎಂಟನೆಯ ಸಂಪುಟವೂ ಮುಗಿದಿತ್ತು, ಯುದ್ಧಗಳೆಲ್ಲ ಬಿಟ್ಟು. ಇಬ್ಬರೂ ಕೂತರು, ಅವನು ಓದಿದ. ನಾಲ್ಕನೆಯ ದಿನ ಮಧ್ಯಾಹ್ನ ಆರುನೂರ ಹನ್ನೊಂದನೆಯ ಪುಟದಲ್ಲಿ ಮುದುಕನಾದ ಭಾವಮೈದುನ ಹಾಸಿಗೆಯಲ್ಲಿ ಎದ್ದು ಕೂತು, ಉತ್ತರದ ಬಾಗಿಲು ತೆಗೆದವನು ನಾನೇ ಎಂದು ಹೇಳಿ, ಬೂಟಿನ ಕೆಂಪು ಮಣ್ಣನ್ನು ತೊಳೆಯಲು ಮರೆತೆ ಎಂದು ಅತ್ತು, ಸತ್ತ.

ಅವನು ಆ ಸಾಲನ್ನು ಎರಡು ಸಲ ಓದಿದ. ಹತ್ತೊಂಬತ್ತು ವರ್ಷ ಸರಿಯಾಗಿದ್ದ ಮನುಷ್ಯ ಅವನು. ತಪ್ಪಾದದ್ದು ಕೊನೆಯ ಏಳು ವಾರ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವರ ಸುದ್ದಿ ಕೇಳಿದ್ದ. ಬೆಣ್ಣೆಯನ್ನು ಸಭೆ ಸೇರಿಸಿ, ಭಾಷಣ ಮಾಡಿ, ಕಸದ ಬುಟ್ಟಿಗೆ ಹಾಕಿದವನು ಬಹುಶಃ ತಾನೊಬ್ಬನೇ.

“ಹಾಗಾದ್ರೆ ಬರೆದೋರಿಗೇ ಸರಿಯಾಗಿ ಗೊತ್ತಾಗಿಲ್ಲ, ಪಾಪ,” ಎಂದರು ಅತ್ತೆ. “ಒಲೆ ಯಾಕೆ ಆರಿಸಿದ್ಲು, ಅದನ್ನ ಹೇಳ್ಲೇ ಇಲ್ವಲ್ಲ.”

ಅವನಿಗೆ ನಗು ಬಂತು. ನಗುತ್ತ ನಗುತ್ತ ಮಹಡಿಯ ಮೇಲೆ ಆದದ್ದನ್ನೆಲ್ಲ ಹೇಳಿಬಿಟ್ಟ. ಭಾಷಣ, ಚಪ್ಪಾಳೆ, ಅತ್ತೆಯ ಮಾತನ್ನು ತನ್ನದೆಂದು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ.

“ನನ್ನ ಹೆಸರು ಹೇಳ್ಲಿಲ್ವಾ?”

“ಇಲ್ಲ ಅತ್ತೆ. ತಪ್ಪಾಯ್ತು.”

“ಒಳ್ಳೇದೇ ಆಯ್ತು. ಹೋಗಿದ್ದು ನಿಮ್ಮ ಮಾನ, ನಂದಲ್ಲ.”

ಸಂಜೆ ಹೆಂಡತಿ ಬಂದಾಗ ಇಬ್ಬರೂ ಇನ್ನೂ ನಗುತ್ತಿದ್ದರು. ಮೇಜಿನ ಮೇಲಿನ ದವಡೆಗಳ ಸಾಲಿಗೆ ಇನ್ನೆರಡು ಸೇರಿದಂತಿತ್ತು ಎಂದು ಅವಳು ಆಮೇಲೆ ಹೇಳಿದಳು.

ಮುಂದಿನ ಎರಡನೆಯ ಭಾನುವಾರ ಅವನು ಹೊಟ್ಟೆನೋವಿನ ನೆಪ ಹೇಳಿ ಮನೆಯಲ್ಲೇ ಉಳಿಯಲು ನೋಡಿದ. ಅತ್ತೆ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು. “ನಡೀರಿ. ಆ ಒಲೆ ವಿಷಯ ಅವರನ್ನಾದ್ರೂ ಕೇಳ್ಬೇಕು.”

ಮಹಡಿಯಲ್ಲಿ ಲೈಬ್ರರಿ ಮೇಡಂ ಪ್ರಬಂಧಕ್ಕೆ ಚಂದದ ರಟ್ಟು ಹಾಕಿಸಿ ಮೇಜಿನ ಮೇಲಿಟ್ಟಿದ್ದರು. “ಯಾರು ಬರೆದಿದ್ದೋ ಗೊತ್ತಿಲ್ಲ, ಬಹಳ ದೂರದೃಷ್ಟಿ ಇದ್ದೋರು,” ಎಂದರು. ಅವನು ತಲೆ ತಗ್ಗಿಸಿ, ಅಡುಗೆಯವಳ ವಾದ ತನ್ನದಲ್ಲ, ಇಲ್ಲಿ ನಿಂತಿರುವ ತನ್ನ ಅತ್ತೆಯದು ಎಂದು ಒಪ್ಪಿಕೊಂಡ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅವನನ್ನು ಬಿಟ್ಟು ಅತ್ತೆಯ ಕಡೆಗೆ ಕುರ್ಚಿ ತಿರುಗಿಸಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಮಾತು ಮುಗಿಯಲಿಲ್ಲ. ಲೈಬ್ರರಿ ಮೇಡಂ, ಒಲೆಗೆ ಉತ್ತರವಿಲ್ಲ, ಅದಂತೂ ನಿಜ ಎಂದು ಒಪ್ಪಿದರು. ಲಿಫ್ಟ್ ರಿಪೇರಿಯವರು ಇಬ್ಬರ ಮಾತಿಗೂ ತಲೆಯಾಡಿಸಿದರು.

ಅತ್ತೆಯ ಕಣ್ಣು ಈಗ ನೆಟ್ಟಗಾಗಿದೆ. ತಮ್ಮ ಮನೆಗೆ ಮರಳಿದ್ದಾರೆ. ಆದರೆ ಎರಡನೆಯ ಭಾನುವಾರ ತಪ್ಪಿಸುವುದಿಲ್ಲ. ಮಹಡಿಯವರು ಹನ್ನೆರಡು ಸಂಪುಟದ ಇನ್ನೊಂದು ಗಾಥೆ ಹಿಡಿದಿದ್ದಾರೆ. ಯುದ್ಧದ ಅಧ್ಯಾಯಗಳನ್ನು ಯಾರೂ ಓದಬೇಕಾಗಿಲ್ಲ ಎಂದು ಠರಾವಾಗಿದೆ. ಗುಟ್ಟಿನ ವಿಷಯ ಬಂದರೆ ಎಲ್ಲರೂ ನೋಡುವುದು ಅತ್ತೆಯ ಮುಖ. ಮೆಟ್ಟಿಲಿಳಿದು ಚಹಾ ತರುವ ಕೆಲಸ ಅವನದು. ಅದನ್ನಂತೂ ಅವನು ಸರಿಯಾಗಿ ಮಾಡುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ.